ಇಂಗಿನ ಬ್ರೆಡ್ಡು

ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಕೇಳುವುದಿಲ್ಲ. ಬೆಳ್ಳುಳ್ಳಿಯ ವಾಸನೆಗೆ ಬಂದರೆ ಕಾರಣ ಹೇಳಬೇಕಾಗುತ್ತದೆ. ಮೊನ್ನೆ ಸಂಜೆ ಆಫೀಸು ಮುಗಿಸಿ ಸಿಂಗಾಪುರದ ರಾಫೆಲ್ಸ್ ಪ್ಲೇಸ್ ಎಂಆರ್‌ಟಿ ರೈಲು ನಿಲ್ದಾಣದ ಕಡೆಗೆ ಇಳಿಯುತ್ತಿದ್ದೆ. ನೆಲದಡಿಯ ಅಂಗಡಿಸಾಲಿನಲ್ಲಿ ಹೊಸದಾಗಿ ಒಂದು ಬೇಕರಿ ಬಂದಿದೆ. ಆಗತಾನೆ ಬೆಂದ ಗಾರ್ಲಿಕ್ ಬ್ರೆಡ್ಡನ್ನು ಹುಡುಗಿಯೊಬ್ಬಳು ಗಾಜಿನ ಹಿಂದೆ ಜೋಡಿಸುತ್ತಿದ್ದಳು. ಕರಗಿದ ಬೆಣ್ಣೆ, ಕೆಂಪಗಾದ ಬೆಳ್ಳುಳ್ಳಿ, ಅಂಚು ಸೀದ ಬ್ರೆಡ್ಡು. ನಾನು ದಾರಿಯ ಮಧ್ಯದಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದವರು ಭುಜ ತಾಗಿಸಿಕೊಂಡು ಮುಂದೆ ಹೋದರು. ಜೊತೆಗಿದ್ದ ಸಹೋದ್ಯೋಗಿ ನನ್ನ ಮುಖ ನೋಡಿ ನೆಗಡಿಯೇ ಎಂದು ಕೇಳಿದಳು. ಹೌದು ಎಂದೆ. ಇಲ್ಲಿನ ಆಫೀಸುಗಳಲ್ಲಿ ಏಸಿ ಹಾಕುವ ರೀತಿಗೆ ನೆಗಡಿ ಎಂದರೆ ಎಲ್ಲರೂ ನಂಬುತ್ತಾರೆ.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ನಮ್ಮ ಟೋವಾ ಪಾಯೋ ಮನೆಯಲ್ಲಿ ಅಮ್ಮ ಇದ್ದಳು, ಬೆಳ್ಳುಳ್ಳಿಯೂ ಇತ್ತು. ನಮ್ಮ ಅಮ್ಮನನ್ನು ಬಲ್ಲವರಿಗೆ ಈ ಎರಡೂ ಒಂದೇ ಸೂರಿನಡಿ ಇದ್ದವು ಎಂದರೆ ನಂಬಿಕೆ ಬರುವುದಿಲ್ಲ.

ನಾವು ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ನಮ್ಮ ಮನೆಗೆ ಈರುಳ್ಳಿ ಆಗೀಗ ಹಿತ್ತಿಲ ಬಾಗಿಲಿನಿಂದ ಬರುತ್ತಿತ್ತು, ಅದೂ ನಾವು ಮಕ್ಕಳು ಅತ್ತು ಕರೆದಾಗ. ಬೆಳ್ಳುಳ್ಳಿಗೆ ಯಾವ ಬಾಗಿಲೂ ಇರಲಿಲ್ಲ. ಅಮ್ಮ ಅದರ ಹೆಸರನ್ನೂ ಹೇಳುತ್ತಿರಲಿಲ್ಲ, "ಅದು" ಎನ್ನುತ್ತಿದ್ದಳು. ನಾನು ಪಿಯುಸಿ ಓದುವಾಗ ಗೆಳತಿಯ ಮನೆಯಲ್ಲಿ ಬೆಳ್ಳುಳ್ಳಿ ಚಟ್ನಿ ತಿಂದು ಬಂದಿದ್ದೆ. ಅಮ್ಮ ಬೈಯಲಿಲ್ಲ. ಮೂಗು ಸ್ವಲ್ಪ ಏರಿಸಿ, "ಅದು ತಿಂದು ಬಂದಿದೀಯ. ಇವತ್ತು ದೇವರ ಮನೆ ಕಡೆ ಬರಬೇಡ," ಎಂದಳು, ಅಷ್ಟೆ. ಬೈದಿದ್ದರೆ ಜಗಳ ಆಡಬಹುದಿತ್ತು. ಜಗಳಕ್ಕೆ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಅಮ್ಮನ ಕೈರುಚಿಯೆಲ್ಲ ಇಂಗಿನದು. ಗಟ್ಟಿ ಇಂಗನ್ನು ಪುಟ್ಟ ಭರಣಿಯಲ್ಲಿ ನೀರಿಗೆ ನೆನೆಹಾಕಿ ಇಟ್ಟಿರುತ್ತಿದ್ದಳು. ಸಾರು ಕುದಿ ಬರುವ ಹೊತ್ತಿಗೆ ಅದರಿಂದ ಒಂದು ಚಮಚ ಬೀಳಬೇಕು. ಯಾರಾದರೂ ಹೊಗಳಿದರೆ, "ನಂದೇನಿದೆ, ಇಂಗು ತೆಂಗು ಇದ್ರೆ ಮಂಗವೂ ಅಡುಗೆ ಮಾಡುತ್ತೆ," ಎನ್ನುತ್ತಿದ್ದಳು. ಹೇಳುವಾಗ ಮುಖದಲ್ಲಿ ವಿನಯ ಒಂದಿಷ್ಟೂ ಇರುತ್ತಿರಲಿಲ್ಲ. ನಾನು ಹಾಸನದ ಕಡೆಯ ರಮೇಶನನ್ನು ಮದುವೆಯಾದೆ. ಅವರ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬೀಳದೆ ಸಾರು ಒಲೆಯಿಂದ ಇಳಿಯುವುದಿಲ್ಲ. ನಾನೂ ತಿನ್ನಲು ಕಲಿತೆ. ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ.

ಸಿಂಗಾಪುರಕ್ಕೆ ಅಮ್ಮ ಹಿಂದೆ ಬಂದಾಗಲೆಲ್ಲ ಅವಳು ಬರುವ ಮುಂಚೆ ನಾವು ಅಡುಗೆಮನೆ ತೊಳೆದು, ಬೆಳ್ಳುಳ್ಳಿ ಮುಟ್ಟಿದ ಪಾತ್ರೆಗಳನ್ನೆಲ್ಲ ಡಬ್ಬಕ್ಕೆ ತುಂಬಿ ಮಂಚದ ಕೆಳಗೆ ತಳ್ಳುತ್ತಿದ್ದೆವು. ನನ್ನ ಮಗಳು ಅನು ಅದಕ್ಕೆ ಗಾರ್ಲಿಕ್ ಲಾಕ್‌ಡೌನ್ ಎಂದು ಹೆಸರಿಟ್ಟಿದ್ದಳು. ಮನೆ ತೊಳೆದೇವು, ಕಾರಿಡಾರನ್ನು ತೊಳೆಯುವುದು ಹೇಗೆ? ನಮ್ಮ ಬ್ಲಾಕಿನಲ್ಲಿ ಸಂಜೆಯಾದರೆ ಸಾಲಾಗಿ ಎಲ್ಲರ ಅಡುಗೆಮನೆಯಲ್ಲೂ ಬೆಳ್ಳುಳ್ಳಿ ಎಣ್ಣೆಗೆ ಬೀಳುತ್ತದೆ. "ಈ ಊರಿನ ಗಾಳಿಗೇ ಅದನ್ನ ಹಚ್ಚಿದಾರೆ ಕಣೇ," ಎನ್ನುತ್ತ ಅಮ್ಮ ಕಿಟಕಿ ಮುಚ್ಚಿ ಒಳಗೆ ಊದುಬತ್ತಿ ಹಚ್ಚುತ್ತಿದ್ದಳು. ಊರು ಅವಳಿಗೆ ಹಿಡಿಸದೆ ಇರಲಿಲ್ಲ. ಇಲ್ಲಿ ಸೂರ್ಯ ಏಳುವುದೇ ಏಳಕ್ಕೆ, ಧನುರ್ಮಾಸದ ಪೂಜೆಗೆ ಇದಕ್ಕಿಂತ ಅನುಕೂಲದ ಊರಿಲ್ಲ ಎಂದು ನಗುತ್ತಿದ್ದಳು.

ಆ ವರ್ಷ ಕಾರ್ತಿಕದ ಕೊನೆಗೆ ಅವಳನ್ನು ಕರೆತಂದವನು ಗುರು. ಗುರು ನನ್ನ ತಮ್ಮ, ಮೈಸೂರಿನಲ್ಲಿ ಕಾಲೇಜು ಮೇಷ್ಟ್ರು. ಅಮ್ಮ ಅವನ ಜೊತೆಗೇ ಇದ್ದಳು. ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಅವನ ಹೆಂಡತಿಗೆ ಬೆನ್ನಿನ ಆಪರೇಷನ್ ಆಗಬೇಕಿತ್ತು, ಹಾಗಾಗಿ ಅಮ್ಮನನ್ನು ನೋಡಿಕೊಳ್ಳುವ ಸರದಿ ನನ್ನದಾಯಿತು. ಚಾಂಗಿ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಂದ ಅಮ್ಮ ಸುತ್ತ ನೋಡಿ, "ಎಷ್ಟು ದೊಡ್ಡ ಛತ್ರ! ಮದುವೆ ಯಾರದ್ದು?" ಎಂದಳು. ನಾನು ನಕ್ಕೆ. ಗುರು ನಗಲಿಲ್ಲ. ಅವನಿಗೆ ಇಂಥ ಮಾತು ಕೇಳಿ ಕೇಳಿ ಸಾಕಾಗಿತ್ತು.

ವಾಪಸು ಹೊರಡುವ ದಿನ ಅವನು ನನ್ನನ್ನು ಕಾರಿಡಾರಿಗೆ ಕರೆದ. ಹೊರಗೆ ಮಳೆ ಸುರಿಯುತ್ತಿತ್ತು, ಇಲ್ಲಿ ಮಳೆಗಾಲ ಶುರುವಾಗುವುದೇ ಆಗ.

"ಅಕ್ಕ, ಒಂದೇ ಮಾತು. ಅವಳಿಗೆ ಮರೆತುಹೋಗಿದೆ. ನಮಗೆ ಮರೆತಿಲ್ವಲ್ಲ. ಅವಳ ಮಡಿ, ಅವಳ ಏಕಾದಶಿ, ಊಟದ ವಿಷಯ, ಇನ್ಮೇಲೆ ಅದನ್ನೆಲ್ಲ ಅವಳ ಪರವಾಗಿ ನಾವೇ ನಡೆಸ್ಕೊಡ್ಬೇಕು. ಅಷ್ಟು ಮಾಡ್ತೀಯ?"

"ಮಾಡ್ತೀನಿ ಕಣೋ. ನಂಗೂ ಅಮ್ಮ ತಾನೆ?"

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಮನಸ್ಸಿನಿಂದಲೇ ಹೇಳಿದ್ದೆ. ಲಾಕ್‌ಡೌನ್ ಮತ್ತೆ ಶುರುವಾಯಿತು. ಬೆಳಗ್ಗೆ ನಾನೇ ಸ್ನಾನ ಮಾಡಿಸಿ, ಕೈಗೆ ತುಳಸಿ ನೀರು ಕೊಟ್ಟು, ದೇವರ ಮುಂದೆ ಕೂರಿಸುತ್ತಿದ್ದೆ. ಅವಳ ದೇವರ ಹಾಡಿನ ಸಾಲುಗಳು ಅರ್ಧರ್ಧ ಬರುತ್ತಿದ್ದವು. ಆಫೀಸಿನಲ್ಲಿ ಮಾತಾಡಿ ಮನೆಯಿಂದಲೇ ಕೆಲಸ ಮಾಡುವ ಹಾಗೆ ಮಾಡಿಕೊಂಡೆ.

ಕಷ್ಟ ಬಂದದ್ದು ಊಟದಲ್ಲಿ. ಮಳೆ ಹಿಡಿದ ಹಾಗೆ ಅಮ್ಮನ ಊಟ ಬಿಡುತ್ತ ಬಂತು. ಮೊದಲು ಪಲ್ಯ ಬೇಡವಾಯಿತು, ಆಮೇಲೆ ಅನ್ನ. ಅವಳದೇ ಕ್ರಮದಲ್ಲಿ ಸಾರು ಮಾಡಿ ಬಟ್ಟಲಲ್ಲಿ ಕೊಟ್ಟರೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ನುಂಗುವುದು ಹೇಗೆಂದು ಮರೆತವಳಂತೆ ಕೂರುತ್ತಿದ್ದಳು. ಉಪ್ಪಿಟ್ಟು ತಿರುಗಿ ಬಂತು, ಹುಗ್ಗಿ ತಿರುಗಿ ಬಂತು. ಹಾಲಿಗೆ ಬಾಳೆಹಣ್ಣು ಕಿವುಚಿ ಕೊಟ್ಟರೆ ಬಟ್ಟಲನ್ನು ನನ್ನ ಕಡೆಗೇ ತಳ್ಳುತ್ತಿದ್ದಳು. ಏನೂ ರುಚಿಯಿಲ್ಲ, ಏನೂ ವಾಸನೆಯಿಲ್ಲ ಎಂಬ ದೂರು. ಕೈಯ ಬಳೆ ಮೊಣಕೈವರೆಗೆ ಜಾರತೊಡಗಿತು. ಪಾಲಿಕ್ಲಿನಿಕ್ಕಿನ ಡಾಕ್ಟರು ತೂಕ ನೋಡಿ, ಈ ಕಾಯಿಲೆಯಲ್ಲಿ ನಾಲಿಗೆಯೂ ಮೂಗೂ ಹೀಗಾಗುವುದುಂಟು, ಏನು ತಿನ್ನುತ್ತಾರೋ ಅದನ್ನೇ ಕೊಡಿ ಎಂದರು. ಅದು ಏನೆಂದು ಹೇಳುವವರು ಯಾರೂ ಇರಲಿಲ್ಲ.

ಅಂಥ ಒಂದು ಮಧ್ಯಾಹ್ನ ನಾನು ಆಫೀಸಿನ ಕರೆಯೊಂದರಲ್ಲಿ ಸಿಕ್ಕಿಕೊಂಡಿದ್ದೆ. ಅನು ಟ್ಯೂಷನ್ನಿನಿಂದ ಹಸಿದು ಬಂದವಳು ಮೂಗು ಮುರಿಯುತ್ತ ಫ್ರಿಜ್ ತೆರೆದು ನೋಡಿ, ಲಾಕ್‌ಡೌನಿಗೆ ತಾನೇ ರಜೆ ಕೊಟ್ಟಳು. ಹತ್ತು ನಿಮಿಷದ ಕೆಲಸ ಅದು. ಇಲ್ಲಿಯ ಸೆಖೆಗೆ ಬೆಣ್ಣೆ ಹೊರಗಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಬೆಳ್ಳುಳ್ಳಿ ಎಸಳು ಜಜ್ಜಿ, ಚಿಟಿಕೆ ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿ ಬೆಣ್ಣೆಗೆ ಕಲೆಸಿದರಾಯಿತು. ಬ್ರೆಡ್ಡಿಗೆ ಅದನ್ನು ಧಾರಾಳವಾಗಿ ಬಳಿದು, ಸಣ್ಣ ಉರಿಯಲ್ಲಿ ತವೆಯ ಮೇಲಿಟ್ಟು ಮುಚ್ಚಬೇಕು. ತಳ ಗರಿಗರಿಯಾಗುವಷ್ಟರಲ್ಲಿ ಮೇಲಿನ ಬೆಣ್ಣೆ ಒಳಗಿಳಿದಿರುತ್ತದೆ. ಓವನ್ ಏನೂ ಬೇಡ.

ವಾಸನೆ ನನ್ನ ಮೂಗಿಗೆ ಬಡಿಯಿತು. ಕರೆಯನ್ನು ಅರ್ಧಕ್ಕೆ ಬಿಟ್ಟು ಅಡುಗೆಮನೆಗೆ ಓಡಿದೆ. ನನಗಿಂತ ಮೊದಲೇ ಅಮ್ಮ ಅಲ್ಲಿದ್ದಳು. ವಾರಗಳಿಂದ ಕೈಹಿಡಿದು ಎಬ್ಬಿಸಿದರೂ ಏಳದವಳು ತಾನೇ ಗೋಡೆ ಹಿಡಿದುಕೊಂಡು ನಡೆದು ಬಂದಿದ್ದಳು. ಮೂಗರಳಿಸಿ ನಿಂತಿದ್ದಳು.

"ಯಾವ ಇಂಗು ಕಣೇ ಇದು? ಎಷ್ಟು ಚೆನ್ನಾಗಿ ಘಮ್ ಅಂತಿದೆ!"

ನಾನು ಬಾಯಿ ತೆರೆಯುವುದರೊಳಗೆ ಅನುವಿನ ತಟ್ಟೆಯಿಂದ ಒಂದು ತುಂಡು ಎತ್ತಿ ಬಾಯಿಗಿಟ್ಟುಕೊಂಡಳು. ಅಗಿದಳು. ನುಂಗಿದಳು. ಇನ್ನೊಂದಕ್ಕೆ ಕೈ ಹಾಕಿದಳು.

"ಅಮ್ಮಾ," ಎಂದಳು ಅನು ಕಣ್ಣರಳಿಸಿ ತನ್ನ ಸಿಂಗಾಪುರದ ಧಾಟಿಯಲ್ಲಿ, "ಅಜ್ಜಿ ತಿಂದ್ಬಿಟ್ರು ಲಾ. ನಾನು ಕೊಡ್ಲಿಲ್ಲ, ಪ್ರಾಮಿಸ್!"

"ಇದೇನಂದ್ರಿ ಇದಕ್ಕೆ?" ಅಮ್ಮ ಕೇಳಿದಳು.

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. "ಬ್ರೆಡ್ಡು," ಎಂದೆ. "ಇಂಗಿನ ಬ್ರೆಡ್ಡು."

"ಮೈಸೂರಲ್ಲಿ ಹೀಗೆ ಇಂಗು ಸಿಗಲ್ಲ," ಎಂದು ಅಮ್ಮ ತಲೆದೂಗಿದಳು. "ಇನ್ನೊಂದು ಮಾಡು."

ಬದುಕಿಡೀ ಇಂಗಿನ ಒಂದು ಚೂರನ್ನು ಬೆರಳಲ್ಲಿ ಉಜ್ಜಿ ಅಸಲಿಯೋ ನಕಲಿಯೋ ಹೇಳುತ್ತಿದ್ದ ಮೂಗು ಅದು. ಅದೇ ಮೂಗು ಬೆಳ್ಳುಳ್ಳಿಯನ್ನು ಇಂಗು ಎಂದಿತು. ಅವಳ ನೆನಪಲ್ಲಿ ಉಳಿದಿದ್ದ ಘಾಟು ವಾಸನೆ ಇಂಗು ಒಂದೇ, ಹಾಗಾಗಿ ಬಂದ ಘಾಟಿಗೆಲ್ಲ ಅದೇ ಹೆಸರು ಸಿಕ್ಕಿರಬೇಕು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮ ತಿಂದಳು ಎಂಬ ಸಂತೋಷಕ್ಕೋ, ತಿಂದದ್ದು ಅದು ಎಂಬ ಸಂಕಟಕ್ಕೋ, ಆಗಲೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ರಮೇಶ ತಂಜಾಂಗ್ ಪಗಾರಿನ ಆಫೀಸಿನಿಂದ ಬಂದವನು ಎಲ್ಲ ಕೇಳಿ, "ಅತ್ತೆ ತಿಂತಿದಾರಲ್ಲ ವಿಜಿ. ಸದ್ಯಕ್ಕೆ ಅಷ್ಟು ಸಾಕು ಬಿಡು. ಓವರ್‌ಥಿಂಕ್ ಮಾಡ್ಬೇಡ," ಎಂದ. ಬೆಳ್ಳುಳ್ಳಿ ತಿಂದು ಬೆಳೆದವರಿಗೆ ಹಾಗೆ ಹೇಳುವುದು ಸುಲಭ. ನನಗೆ ಅದು ಸುಲಭವಾಗಿರಲಿಲ್ಲ. ಮರುದಿನ ನಾನು ಜಾಣತನ ಮಾಡಿದೆ. ಬೆಣ್ಣೆಗೆ ನಿಜವಾದ ಇಂಗು, ಜೀರಿಗೆ, ಕೊತ್ತಂಬರಿ ಕಲೆಸಿ ಬ್ರೆಡ್ಡು ಮಾಡಿಕೊಟ್ಟೆ. ಗುರುವಿಗೆ ಕೊಟ್ಟ ಮಾತೂ ಉಳಿಯಲಿ, ಅಮ್ಮನ ವ್ರತವೂ ಉಳಿಯಲಿ, ಹೊಟ್ಟೆಯೂ ತುಂಬಲಿ ಎಂಬ ಲೆಕ್ಕ. ಅಮ್ಮ ಒಂದು ಕಡಿ ಕಡಿದು ಅಂಗೈಗೆ ಉಗಿದಳು.

"ಇದಲ್ಲ. ಇಂಗು ಹಾಕು ಅಂದ್ರೆ ಏನೇನೋ ಹಾಕಿದೀಯ."

ಮೂರು ಅಂಗಡಿಯ ಇಂಗು ತಂದು ನೋಡಿದೆ. ಲಿಟಲ್ ಇಂಡಿಯಾದಿಂದ ಗಟ್ಟಿ ಇಂಗನ್ನೇ ತಂದು ಅವಳ ಕ್ರಮದಲ್ಲಿ ನೆನೆಹಾಕಿ ಮಾಡಿದೆ. ಅದನ್ನೂ ಉಗಿದಳು. ಒಂದು ಹಗಲು ಪೂರ್ತಿ ಏನೂ ತಿನ್ನದೆ ಕೂತಳು. ಸಂಜೆ ನಾನು ಬೆಳ್ಳುಳ್ಳಿ ಜಜ್ಜಿದೆ.

ಆಮೇಲೆ ಅದೇ ಮನೆಯ ಪದ್ಧತಿಯಾಯಿತು. ಮಾರ್ಕೆಟ್ಟಿನಲ್ಲಿ ಬಿಡಿಸಿದ ಬೆಳ್ಳುಳ್ಳಿ ಪೊಟ್ಟಣ ಸಿಗುತ್ತದೆ, ಆದರೂ ನಾನು ಸಿಪ್ಪೆಯಿರುವುದನ್ನೇ ತಂದು ನಾನೇ ಬಿಡಿಸುತ್ತಿದ್ದೆ. ಕೊಡುವುದೇ ಆದರೆ ಅಚ್ಚುಕಟ್ಟಾಗಿ ಕೊಡಬೇಕು ಎಂಬ ಹಠ. ಮಾಡುವ ಮುಂಚೆ ದೇವರ ಮನೆಯ ಪರದೆ ಎಳೆಯುತ್ತಿದ್ದೆ. ಪರದೆಯ ಹಿಂದಿನವನಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳಬೇಡಿ, ನನಗೂ ಗೊತ್ತು. ಹೊರಗೆ ಮಳೆ ಬೀಳುತ್ತಿತ್ತು, ಕಾರಿಡಾರಿನ ತಂತಿಯ ಮೇಲೆ ಬಟ್ಟೆ ಒಣಗುತ್ತಲೇ ಇರಲಿಲ್ಲ. ಒಳಗೆ ಅಮ್ಮ ಕಿಟಕಿಯ ಪಕ್ಕ ಕೂತು ಬ್ರೆಡ್ಡಿನ ಅಂಚನ್ನು ಇಲಿಯ ಹಾಗೆ ಕಡಿದು ತಿನ್ನುತ್ತಿದ್ದಳು. ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಜೊತೆಗೆ ಕೊಟ್ಟರೆ ನಾಲ್ಕು ಚಮಚ ಗಂಜಿಯನ್ನೂ ಕುಡಿಯತೊಡಗಿದಳು. ಒಂದು ದಿನ ಅನುವಿನ ಗಲ್ಲ ಹಿಡಿದು ಆ ಹಾಡನ್ನು ಮೊದಲಿಂದ ಕೊನೆವರೆಗೂ ಹೇಳಿದಳು. ಆ ಕೆಲವು ವಾರ ನಾವು ಸುಖವಾಗಿದ್ದೆವು ಎಂದರೆ ಉತ್ಪ್ರೇಕ್ಷೆಯಲ್ಲ.

ಗುಟ್ಟು ಒಡೆದವಳು ಅಮ್ಮನೇ. ವಿಡಿಯೋ ಕಾಲ್‌ನಲ್ಲಿ ಗುರುವಿಗೆ, "ವಿಜಿ ಇಂಗಿನ ಬ್ರೆಡ್ಡು ಮಾಡ್ತಾಳೆ ಕಣೋ. ನಿನ್ನ ಹೆಂಡ್ತಿಗೂ ಕಲಿಸಕ್ಕೆ ಹೇಳ್ತೀನಿ," ಎಂದಳು. ಆಮೇಲೆ ಅವನು ನನಗೆ ಬೇರೆಯಾಗಿ ಫೋನ್ ಮಾಡಿದ.

"ಇಂಗಿನ ಬ್ರೆಡ್ ಅಂದ್ರೆ ಏನಕ್ಕ?"

ನಾನು ಸುತ್ತಿ ಬಳಸಲಿಲ್ಲ. ಹೇಳಿದೆ.

"ಅವಳು ಬೇಡ ಅನ್ನೋ ಸ್ಥಿತಿಯಲ್ಲಿಲ್ಲ ಅಂತ ತಾನೆ ಹೀಗೆ ಮಾಡಿದ್ದು?"

"ಉಪವಾಸ ಸಾಯ್ಲಿ ಅಂತೀಯೇನೋ?"

"ಹಾಗಂದ್ನಾ ನಾನು? ಎಪ್ಪತ್ತು ವರ್ಷ ಮುಟ್ಟದೆ ಇದ್ದಳಲ್ಲ ಅಕ್ಕ. ಒಂದು ಮದುವೆ ಮನೆಯಲ್ಲಿ ಊಟ ಮಾಡ್ಲಿಲ್ಲ, ಒಂದು ಹೋಟ್ಲಿಗೆ ಕಾಲಿಡ್ಲಿಲ್ಲ. ಅಷ್ಟೆಲ್ಲ ಕಷ್ಟಪಟ್ಟು ಉಳಿಸ್ಕೊಂಡಿದ್ದನ್ನ ಕೊನೇಲಿ ನಾವು ಕೈಯಾರೆ ಕೆಡಿಸ್ಬೇಕಾ?"

ನಾನೂ ಬಿಡಲಿಲ್ಲ. ದೂರದಲ್ಲಿ ಕೂತು ಧರ್ಮ ಹೇಳುವುದು ಸುಲಭ, ಬಂದು ಒಂದು ಹೊತ್ತು ತಿನ್ನಿಸಿ ನೋಡು ಎಂದೆ. ಎರಡು ವರ್ಷ ತಿನ್ನಿಸಿದವನಿಗೆ ಹೇಳುವ ಮಾತಾಗಿರಲಿಲ್ಲ ಅದು. ಕೊನೆಗೆ, "ವೈಕುಂಠ ಏಕಾದಶಿ ಬರ್ತಿದೆ. ಅವತ್ತೊಂದು ದಿನ ಕೊಡ್ಬೇಡ. ಹಾಲು ಹಣ್ಣು ಕೊಡು. ಅಷ್ಟಾದ್ರೂ ಮಾಡು," ಎಂದ. ಒಪ್ಪಿಕೊಂಡೆ.

ಏಕಾದಶಿಯ ದಿನ ಬೆಳಗ್ಗೆ ಹಾಲು ಕೊಟ್ಟೆ, ಕುಡಿಯಲಿಲ್ಲ. ಹಣ್ಣು ಕೊಟ್ಟೆ, ತಳ್ಳಿದಳು. ಇಂಗಿನ ಬ್ರೆಡ್ಡು ಕೊಡು ಎಂದಳು. ಇವತ್ತು ಏಕಾದಶಿ ಅಮ್ಮ ಎಂದೆ. "ಓಹೋ," ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಏಕಾದಶಿ ಎಂಬ ಮಾತೇ ತಿಳಿಯದಾಯಿತು. ಸಂಜೆ ನನ್ನ ಸೆರಗು ಹಿಡಿದುಕೊಂಡು, "ನಾನೇನು ತಪ್ಪು ಮಾಡ್ದೆ ಅಂತ ಊಟ ಹಾಕ್ತಿಲ್ಲ?" ಎಂದು ಅತ್ತಳು. ಉಪವಾಸ ಇರುವವರಿಗೆ ತಾನು ಉಪವಾಸ ಇದ್ದೇನೆಂದು ಗೊತ್ತಿರಬೇಕು. ಇಲ್ಲದಿದ್ದರೆ ಅದು ಬರೀ ಹಸಿವು. ನಾನು ಪರದೆ ಕೂಡ ಎಳೆಯದೆ ತವೆ ಇಟ್ಟೆ.

ಮರುದಿನ ದ್ವಾದಶಿ. ಬೆಳಗಿನ ಮಬ್ಬಿನಲ್ಲಿ ಎದ್ದು ಬಂದಾಗ ಅಮ್ಮ ನಡುಮನೆಯ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. ಮಳೆ ನಿಂತಿತ್ತು. ಎಷ್ಟೋ ದಿನಗಳ ಮೇಲೆ, "ವಿಜಿ," ಎಂದು ನನ್ನ ಹೆಸರು ಹಿಡಿದು ಕರೆದಳು. ಆ ದನಿ ಕೇಳಿದ ಕೂಡಲೆ ನನಗೆ ಗೊತ್ತಾಯಿತು, ಇವಳು ನಮ್ಮ ಹಳೆಯ ಅಮ್ಮ. ಬಲಗೈ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದಿದ್ದಳು.

"ನಾನು ಬೆಳ್ಳುಳ್ಳಿ ತಿಂದಿದೀನಾ?"

ಅಮ್ಮನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇಂಗು ಎನ್ನಬಹುದಿತ್ತು. ವಾರಗಟ್ಟಲೆ ಅಂದಿದ್ದೆನಲ್ಲ. ಆದರೆ ಕೇಳುತ್ತಿದ್ದವಳು ಎಲ್ಲ ತಿಳಿದವಳು, ಅವಳ ಮುಂದೆ ಬಾಯಿ ಬರಲಿಲ್ಲ.

"ಹೌದಮ್ಮ."

"ದಿನಾ?"

"ನೀನು ಬೇರೆ ಏನೂ ತಿಂತಿರ್ಲಿಲ್ಲ. ಕರಗಿ ಹೋಗ್ತಿದ್ದೆ. ನನಗೆ ಬೇರೆ ದಾರಿ ಕಾಣ್ಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ನನ್ನ ತಲೆ ಸವರಿದಳು. "ಪಾಪ, ನೀನೇನು ಮಾಡ್ತೀಯ," ಎಂದಳು. ಆಮೇಲೆ ಕೈ ತೆಗೆಯದೆಯೇ ಹೇಳಿದಳು, "ಇನ್ನು ಕೊಡ್ಬೇಡ ಕಣೇ. ನಾನು ಕೇಳ್ತೀನಿ. ಕೇಳಿದ್ರೂ ಕೊಡ್ಬೇಡ."

"ಹಸಿವಾದ್ರೆ?"

"ಆಗ್ಲಿ ಬಿಡು. ಇಷ್ಟು ದಿನ ಏನು ಹಸಿವೇ ನೋಡ್ಲಿಲ್ವಾ ನಾನು? ಗುರುಗೆ ಇದೆಲ್ಲ ಹೇಳ್ಬೇಡ, ನೊಂದ್ಕೋತಾನೆ." ನನ್ನ ಕೈಯನ್ನು ಹಿಡಿದು ಅದುಮಿದಳು. ನಾನು ಆಗಲಿ ಎಂದೆ. ಸ್ನಾನ ಮಾಡಿಸು ಎಂದಳು. ಮಾಡಿಸಿದೆ. ದೇವರ ಮುಂದೆ ಕೂತು ಕಣ್ಣು ಮುಚ್ಚಿದಳು. ತೆರೆದಾಗ ನನ್ನನ್ನು ಯಾರೋ ಎಂಬಂತೆ ನೋಡಿದಳು.

ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಇಂಗಿನ ಬ್ರೆಡ್ಡು ಇಲ್ವಾ ಇವತ್ತು?"

ಇಲ್ಲ ಎಂದೆ. ಅಂದಿನಿಂದ ಕೊಡಲಿಲ್ಲ. ಇದು ಏಕಾದಶಿಯ ಹಾಗೆ ಗುರು ಹೇರಿದ್ದಲ್ಲ, ನಾನು ಹೇರಿದ್ದಲ್ಲ, ಸ್ವತಃ ಅಮ್ಮ ಕೇಳಿಕೊಂಡದ್ದು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೇಳಿಕೊಂಡ ಅಮ್ಮ ಮತ್ತೆ ಬರಲಿಲ್ಲ. ಬರುತ್ತಿದ್ದವಳು ದಿನಾ ಮಧ್ಯಾಹ್ನ ಬಾಗಿಲಲ್ಲಿ ನಿಂತು ಬ್ರೆಡ್ಡು ಬೇಡುವವಳು. ಒಬ್ಬ ಅಮ್ಮನ ಮಾತು ನಡೆಸಲು ಇನ್ನೊಬ್ಬ ಅಮ್ಮನನ್ನು ಹಸಿದಿಟ್ಟೆ. ಹಾಲು, ಗಂಜಿ, ಗ್ಲೂಕೋಸ್ ನೀರು, ಒಳಗೆ ಹೋದಷ್ಟು ಹೋಯಿತು. ಅನು ಒಂದು ದಿನ, "ವೈ ಆರ್ ಯು ಸೋ ಮೀನ್ ಟು ಅಜ್ಜಿ?" ಎಂದು ಕಿರುಚಿ ರೂಮಿಗೆ ಹೋಗಿಬಿಟ್ಟಳು.

ಸಂಕ್ರಾಂತಿ ಮುಗಿದ ಮೇಲೆ ಗುರುವಿಗೆ ಫೋನ್ ಮಾಡಿ, ಬಂದು ನೋಡಿಕೊಂಡು ಹೋಗು ಎಂದೆ. ಎಳ್ಳು ಬೆಲ್ಲದ ಡಬ್ಬ ಹಿಡಿದು ಬಂದ. ಅಮ್ಮನನ್ನು ನೋಡಿ ಡಬ್ಬ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ. ಇದು ಅಮ್ಮ ಹೋಗುವುದಕ್ಕೆ ಕೆಲವೇ ದಿನಗಳ ಹಿಂದಿನ ಮಾತು. ಅಷ್ಟು ಹೊತ್ತಿಗೆ ಅವಳು ಬಾಗಿಲವರೆಗೂ ಬರುತ್ತಿರಲಿಲ್ಲ. ಹಾಸಿಗೆಯಿಂದಲೇ ಕೇಳುತ್ತಿದ್ದಳು. ಗುರುವನ್ನೂ ಕೇಳಿದಳು. ಯಾರೆಂದು ಗುರುತಿರಲಿಲ್ಲ. "ಸ್ವಾಮಿ, ಈ ಮನೇಲಿ ಇಂಗಿನ ಬ್ರೆಡ್ಡು ಮಾಡ್ತಿದ್ರು. ನಿಲ್ಲಿಸ್ಬಿಟ್ಟಿದಾರೆ. ನೀವಾದ್ರೂ ಒಂದು ಮಾತು ಹೇಳಿ," ಎಂದಳು.

ಅವನು ಎದ್ದು ನೇರ ಅಡುಗೆಮನೆಗೆ ಬಂದ. "ನಾನು ಬೈದೆ ಅಂತ ಹಠ ಮಾಡ್ತಿದೀಯಾ ಅಕ್ಕ?"

"ಇಲ್ಲ ಕಣೋ."

"ಮತ್ತೆ? ತಪ್ಪಾಯ್ತು ಅಂತೀನಿ. ಕಾಲು ಹಿಡೀಲಾ? ಕೊಟ್ಬಿಡು."

ಹೇಳಬೇಡ ಎಂದಿದ್ದಳು ಅಮ್ಮ. ಆದರೆ ಅಮ್ಮನ ಹಸಿವಿಗೆ ತಾನೇ ಕಾರಣ ಎಂದುಕೊಂಡು ಅವನು ಬದುಕಿಡೀ ಇರುವುದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ. ದ್ವಾದಶಿಯ ಬೆಳಗ್ಗೆ ನಡೆದದ್ದನ್ನೆಲ್ಲ ಹೇಳಿದೆ. ಗುರು ಗೋಡೆಗೆ ಒರಗಿ ಕೇಳಿದ. ಕನ್ನಡಕ ತೆಗೆದು ಒರೆಸಿಕೊಂಡ.

"ಅವಳು ಹಾಗೆ ಹೇಳಿದ್ದು ಸರಿ," ಎಂದ. "ಆದ್ರೆ ಈಗ ಒಳಗೆ ಮಲಗಿ ಕೇಳ್ತಿರೋಳೂ ಅವಳೇ ಅಲ್ವಾ ಅಕ್ಕ?"

"ಇದೇ ಮಾತು ನಾನು ಹೇಳಿದಾಗ ನೀನು ಒಪ್ಲಿಲ್ಲ."

"ಒಪ್ಲಿಲ್ಲ. ಆಗ ಅವಳ ಮುಖ ನೋಡಿರ್ಲಿಲ್ಲ."

ನಾನು ಮಾಡಲಾರೆ ಎಂದೆ. ಮಾತು ಕೊಟ್ಟ ಕೈ ಇದು. ಅವನು ಅನುವನ್ನು ಕರೆದು, ಹೇಗೆ ಮಾಡುವುದು ತೋರಿಸು ಎಂದ. ಹುಟ್ಟಿದಂದಿನಿಂದ ಬೆಳ್ಳುಳ್ಳಿ ಮುಟ್ಟದವನು ಎಸಳನ್ನು ಉಗುರಿನಿಂದ ಕೆರೆದು ಕೆರೆದು ಸಿಪ್ಪೆ ತೆಗೆದ. "ಮಾಮ, ಫಸ್ಟ್ ಜಜ್ಜ್‌ಬೇಕು, ಆಮೇಲೆ ಈಸಿ ಬರುತ್ತೆ," ಎಂದಳು ಅನು. ಬೆಣ್ಣೆ ಹೆಚ್ಚಾಯಿತು, ಒಂದು ಕಡೆ ಸೀದೇ ಹೋಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಡೆಯಬೇಕೆಂದು ಮನಸ್ಸು ಹೇಳುತ್ತಿತ್ತು, ತಡೆಯಲಿಲ್ಲ.

ಗುರು ತಟ್ಟೆ ಹಿಡಿದು ಅಮ್ಮನ ಮಂಚದ ಅಂಚಿಗೆ ಕೂತ. ವಾಸನೆಗೆ ಅಮ್ಮ ಕಣ್ಣು ತೆರೆದಳು. ದಿಂಬಿಗೆ ಒರಗಿಸಿ ಕೂರಿಸಿ, ಒಂದು ತುಂಡು ಕೈಗಿಟ್ಟ. ಅಮ್ಮ ಅದನ್ನು ಮೂಗಿನ ಹತ್ತಿರ ಹಿಡಿದಳು. ಎರಡಾಗಿ ಮುರಿದಳು. ಬಾಯಿಗೆ ಹೋಗುತ್ತಿದ್ದ ಕೈ ಅಲ್ಲೇ ನಿಂತಿತು. ಅವಳು ಗುರುವಿನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟು ಸೊರಗಿದೀಯೋ ಗುರು! ಊಟ ಆಯ್ತಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

"ಆ ಅನ್ನು," ಎಂದಳು ಅಮ್ಮ, ತುಂಡನ್ನು ಅವನ ಬಾಯಿಯ ಕಡೆಗೆ ಚಾಚಿ.

ಗುರು ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಬಾಯಿ ತೆರೆದ. ಅಮ್ಮ ಇಟ್ಟಳು. ಅವನು ಅಗಿದು ನುಂಗುವವರೆಗೂ ಕಾದು ಇನ್ನೊಂದು ಚೂರು ಮುರಿದಳು. ಕಣ್ಣೀರು ಅವನ ಗಡ್ಡದವರೆಗೂ ಇಳಿಯುತ್ತಿತ್ತು, ಘಾಟಿಗೆ ಎಂದುಕೊಂಡಳೋ ಏನೋ, "ನೀರು ಕುಡಿ, ನೀರು ಕುಡಿ," ಎಂದಳು. ಹಾಗೆ ಒಂದೊಂದೇ ಚೂರು ಮುರಿದು ಸೀದದ್ದನ್ನೂ ಬಿಡದೆ ತಟ್ಟೆಯಲ್ಲಿದ್ದಷ್ಟನ್ನೂ ಅವನಿಗೆ ತಿನ್ನಿಸಿದಳು.

"ನೀನೂ ಒಂಚೂರು ತಿನ್ನಮ್ಮ," ಎಂದ ಗುರು.

ಅಮ್ಮ ಬೆಣ್ಣೆ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. "ನೀನು ತಿಂದ್ಯಲ್ಲ," ಎಂದಳು. "ನಂಗೆ ಹೊಟ್ಟೆ ತುಂಬ್ತು."